ಬೀಗ ಬಿದ್ದ ವಾಚನಾಲಯದ ಮೆಟ್ಟಿಲು

ನಾನು ಚಿಕ್ಕವಳಿದ್ದಾಗ ನಮ್ಮೂರು ಪೈವಳಿಕೆಯ ಬೆಳಗುಗಳಿಗೆ ಹೊಗೆಸೊಪ್ಪಿನ ಘಾಟಿತ್ತು. ಅಮ್ಮ, ಅಕ್ಕ, ನಾವು ಉಮ್ಮ ಎಂದು ಕರೆಯುತ್ತಿದ್ದ ನೆರೆಮನೆಯ ಬ್ಯಾರಿ ಮುಸ್ಲಿಮರ ಅಜ್ಜಿ, ಎಲ್ಲರೂ ಬೀಡಿ ಕಟ್ಟುತ್ತಿದ್ದರು. ಕೂರುತ್ತಿದ್ದುದು ವಾಚನಾಲಯದ ಕೋಣೆಯಲ್ಲಿ. ಅಲ್ಲಿ ಒಂದು ಕಪಾಟು ಪುಸ್ತಕ, ಒಂದು ಬೆಂಚು, ದಿನಾ ಮೊದಲ ಬಸ್ಸಿಗೆ ಬರುವ ಪತ್ರಿಕೆ. ಅವರಲ್ಲಿ ಓದಲು ಬರುತ್ತಿದ್ದುದು ಅಕ್ಕನಿಗೆ ಮಾತ್ರ. ಅವಳು ಗಟ್ಟಿಯಾಗಿ ಓದುವಾಗ ಉಳಿದವರು ತಾವು ಕಟ್ಟಿದ್ದರಲ್ಲಿ ಒಂದೊಂದು ಹಿಡಿ ಬೀಡಿಯನ್ನು ಅವಳ ಮಡಿಲ ಗೆರಸೆಗೆ ಹಾಕುತ್ತಿದ್ದರು. ಓದಿದ್ದಕ್ಕಾಗಿ ಅವಳ ಕೂಲಿ ಕಡಿಮೆಯಾಗಬಾರದು ಎಂಬುದು ಅಲ್ಲಿಯ ಕ್ರಮ.

ಕಟ್ಟಡವೂ ನಾವು ಕಟ್ಟುವ ಎಲೆಯೂ ಬೀಡಿ ಕಂತ್ರಾಟುದಾರನದ್ದು. ಸಂಜೆ ಬೀಡಿ ಎಣಿಸಿಕೊಳ್ಳುವಾಗ ಅವನು ಒಳ್ಳೆಯದನ್ನೂ ‘ಹಾಳು’ ಎಂದು ಬದಿಗೆ ಎಸೆಯುತ್ತಿದ್ದ. ಅದಕ್ಕೆ ಕೂಲಿಯಿಲ್ಲ, ಬೀಡಿ ವಾಪಸ್ಸೂ ಇಲ್ಲ. ಬೇರೆ ಊರಿನ ಕೆಲಸಗಾರರು ಇದನ್ನು ಪ್ರಶ್ನಿಸಿ ಗೆದ್ದ ಸುದ್ದಿಯನ್ನು ಅಕ್ಕ ಒಂದು ದಿನ ಓದಿದಳು. ಆ ಸಂಜೆ ಕಂತ್ರಾಟುದಾರ ಎಸೆದ ಬೀಡಿಗಳನ್ನು ಅಮ್ಮ ಹೆಕ್ಕಿ ಅವನ ಮುಂದಿಟ್ಟಳು. “ಎಂತ ಹಾಳಾಗಿದೆ, ತೋರಿಸಿ.”

ಮರುದಿನ ವಾಚನಾಲಯಕ್ಕೆ ಬೀಗ ಬಿದ್ದಿತ್ತು.

ಯಾರೂ ಮನೆಗೆ ಹೋಗಲಿಲ್ಲ. ಕಿರಿದಾದ ಮೆಟ್ಟಿಲಲ್ಲಿ ಇಬ್ಬರಿಗಷ್ಟೇ ಜಾಗ. ಉಳಿದವರು ಗೆರಸೆ ಮಡಿಲಲ್ಲಿಟ್ಟು ಕೆಂಪು ಧೂಳಿನಲ್ಲೇ ಕೂತರು. ಬಸ್ಸಿನಿಂದ ಎಸೆದ ಪತ್ರಿಕೆಯನ್ನು ನಾನು ಓಡಿ ಹೋಗಿ ತಂದೆ. ಶಾಯಿಯ ವಾಸನೆ ಇನ್ನೂ ಹಸಿಯಾಗಿತ್ತು. ಅಕ್ಕ ಓದತೊಡಗಿದಳು.

ಕಂತ್ರಾಟುದಾರ ಛತ್ರಿ ಕುಟ್ಟುತ್ತಾ ಬಂದ. “ಎಂತ ಇದು, ಯಕ್ಷಗಾನವಾ? ಬೀಗ ಕಾಣುವುದಿಲ್ವಾ?”

“ಬೀಗ ಬಾಗಿಲಿಗಲ್ವಾ ಧಣಿ? ಬಾಯಿಗೆ ಹಾಕಲಿಲ್ಲವಲ್ಲ,” ಎಂದರು ಉಮ್ಮ.

“ಇನ್ನೊಂದು ಸಾಲು ಓದಿದರೆ ನಾಳೆಯಿಂದ ಯಾರಿಗೂ ಬೀಡಿ ಎಲೆ ಇಲ್ಲ.”

ಎಲೆ ಇಲ್ಲದಿದ್ದರೆ ಗಂಜಿಯೂ ಇಲ್ಲ. ಅಕ್ಕ ಪತ್ರಿಕೆಯನ್ನು ಮಡಿಲಿಗೆ ಇಳಿಸಿದಳು. ಆಗ ಅಮ್ಮ ತನ್ನ ಗೆರಸೆಯನ್ನು ಅವನ ಕಾಲಬುಡಕ್ಕೆ ನೂಕಿದಳು. “ಎಲೆ ನಿಮ್ಮದು, ತಕ್ಕೊಳ್ಳಿ. ನೀವೇ ಕಟ್ಟಿ.” ಉಮ್ಮನೂ ನೂಕಿದರು. ಒಂದೊಂದಾಗಿ ಎಲ್ಲ ಗೆರಸೆಗಳೂ ಅವನ ಮುಂದೆ ಹೋಗಿ ನಿಂತವು.

“ನೀನು ಓದು ಮಾರಾಯ್ತಿ,” ಎಂದಳು ಅಮ್ಮ. ಅಕ್ಕ ಕೊನೆಯ ಪುಟದ ಅಡಿಕೆ ಧಾರಣೆಯನ್ನೂ ಬಿಡದೆ ಓದಿದಳು.

ಆ ಬೀಗ ತೆರೆಯಲೇ ಇಲ್ಲ. ಎಲೆ ಮಾತ್ರ ಕೆಲವು ದಿನಗಳಲ್ಲಿ ಬಂತು. ಕಟ್ಟುವ ಕೈ ಅವನಿಗೂ ಬೇಕಿತ್ತು. ಆಮೇಲೆ ನಾವು ಕೆಂಪುಕಲ್ಲು ಹೊತ್ತು ನಮ್ಮದೇ ವಾಚನಾಲಯ ಕಟ್ಟಿದೆವು. ಮೆಟ್ಟಿಲು ಇಷ್ಟು ಅಗಲ ಯಾಕೆ ಎಂದು ಮೇಸ್ತ್ರಿ ಕೇಳಿದಾಗ ಅಮ್ಮ ಹೇಳಿದಳು: “ನಾಳೆ ಇದಕ್ಕೂ ಯಾರಾದರೂ ಬೀಗ ಹಾಕಿದರೆ ಕೂರಲಿಕ್ಕೆ ಜಾಗ ಬೇಡವಾ?”

ಮಕ್ಕಳೇ, ಈಗ 2019. ನಿಮ್ಮ ಬೆರಳುಗಳಲ್ಲಿ ಹೊಗೆಸೊಪ್ಪಿನ ಕಲೆಯಿಲ್ಲ, ಸಂತೋಷ. ನಾವು ಕಟ್ಟಿದ ಆ ವಾಚನಾಲಯದ ಕಂಪ್ಯೂಟರಿನಲ್ಲಿ ನೀವು ಪಾಠ ಓದುತ್ತೀರಿ, ಓದು ಬಾರದವರಿಗೆ ಪಿಂಚಣಿ ಅರ್ಜಿ ತುಂಬಿಸಿಕೊಡುತ್ತೀರಿ. ಎಲ್ಲರ ಕೈಯಲ್ಲೂ ಫೋನ್ ಇರುವಾಗ ವಾಚನಾಲಯ ಇನ್ನೇಕೆ, ಮುಚ್ಚೋಣ ಎಂಬ ಮಾತು ಈಚೆಗೆ ಊರಿನಲ್ಲಿ ಎದ್ದಿದೆ. ಮುಚ್ಚುವವರು ಬರಲಿ. ಮೆಟ್ಟಿಲು ಅಗಲವಾಗಿದೆ. ನಾನು ಮೊದಲೇ ಹೋಗಿ ಕೂತಿರುತ್ತೇನೆ. ಪತ್ರಿಕೆ ನೀವು ತನ್ನಿ.