ಭದ್ರಾವತಿಯ ಮ್ಯಾಟ್ನಿಯಲ್ಲಿ ಕಲರ್ ಹೋಯಿತು

ಗೆಳೆಯರೇ, ಇವತ್ತು ಭದ್ರಾವತಿಯಲ್ಲಿ ಕಾಮಿಕ್ಸ್ ಪುಸ್ತಕದಿಂದ ತೆಗೆದ ಇಂಗ್ಲಿಷ್ ಸಿನಿಮಾದ ಮ್ಯಾಟ್ನಿಗೆ ಹೋಗಿದ್ದೆ. ಇಡೀ ಚಿತ್ರ ಕಪ್ಪು ಬಿಳುಪು, ರಕ್ತ ಮಾತ್ರ ಕೆಂಪು. ಅದು ನಮಗ್ಯಾರಿಗೂ ಮೊದಲು ಗೊತ್ತಿರಲಿಲ್ಲ. ಐದೇ ನಿಮಿಷಕ್ಕೆ ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೆದು, “ಕಲರ್ ಬಿಡೋ” ಎಂದು ಕೂಗತೊಡಗಿದರು. ಆಪರೇಟರ್ ರೀಲು ನಿಲ್ಲಿಸಿ ಬಾಲ್ಕನಿಗೆ ಬಂದರು. “ಡಬ್ಬಿಲಿ ಬಂದಿದ್ದೇ ಹಿಂಗೆ ಮಾರಾಯ್ರಾ, ನಾನೇನು ಬಣ್ಣ ಬಳೀಲಿ?”

ಸಿನಿಮಾ ಮತ್ತೆ ಶುರುವಾಯಿತು. ಒಬ್ಬನ ಕೈ ಕತ್ತರಿಸಿ ಕೆಂಪು ಚಿಮ್ಮಿದ್ದೇ ತಡ, “ಬಂತು, ಬಂತು” ಎಂದು ಥಿಯೇಟರೆಲ್ಲ ಚಪ್ಪಾಳೆ. ಆಮೇಲೆ ಪ್ರತಿ ಕೊಲೆಗೂ ಚಪ್ಪಾಳೆ. ಪಕ್ಕದಲ್ಲಿದ್ದ ಕಾರ್ಖಾನೆಯ ಎಲೆಕ್ಟ್ರಿಷಿಯನ್ ನನಗೆ ಸಮಾಧಾನ ಹೇಳಿದರು: “ಲೂಸ್ ಕನೆಕ್ಷನ್ ಕಣ್ರೀ. ನಮ್ಮನೆ ಟೀವೀನೂ ಹೊಡೆದ್ರೇನೇ ಕಲರ್ ಬರೋದು.”

ನಾವು ಚಪ್ಪಾಳೆ ತಟ್ಟಿದ್ದು ಬಣ್ಣಕ್ಕೋ, ಕೊಲೆಗೋ, ಇನ್ನೂ ತಿಳಿಯುತ್ತಿಲ್ಲ. ಮನೆಗೆ ಬಂದು ನೋಡಿದರೆ ನನ್ನ ಅಂಗೈಯೂ ಕೆಂಪಗಾಗಿದೆ.