ಟವೆಲಿನೊಳಗಿನ ಢೋಲಕ್

ನಮ್ಮ ಆರ್ಕೆಸ್ಟ್ರಾದ ಢೋಲಕ್‌ನವರು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ನುಡಿಸುವಾಗ ಅವರ ಕಣ್ಣು ಢೋಲಕ್ ಮೇಲಿರುತ್ತಿರಲಿಲ್ಲ, ಹಾಡುವ ಹುಡುಗಿಯ ಕೊರಳ ಮೇಲಿರುತ್ತಿತ್ತು. ಚರಣಕ್ಕೆ ಮೊದಲು ಎಡಗೈಯನ್ನು ಚರ್ಮದ ಮೇಲೆ ಸುಮ್ಮನೆ ಊರಿ, ಅವಳು ಉಸಿರೆಳೆದುಕೊಂಡ ಮೇಲೆಯೇ ಪೆಟ್ಟು ಹಾಕುತ್ತಿದ್ದರು. ಕೀಬೋರ್ಡಿನಲ್ಲಿ ನಾನು ಅವಸರ ಮಾಡಿದರೆ, "ಉಸ್ರು ತಕ್ಕಳ್ಲಿ ಬುಡ್ಲಾ, ಪದ ಎಲ್ಗೂ ಓಡೋಗಲ್ಲ" ಎನ್ನುತ್ತಿದ್ದರು. ಅಷ್ಟು ಹೇಳುವುದರೊಳಗೆ ಅವರಿಗೇ ಕೆಮ್ಮು ಬರುತ್ತಿತ್ತು.

ನಾನು ರಿದಮ್ ಮಷೀನ್ ಕೊಂಡು ತಂದಾಗ ಹೆಚ್ಚು ಖುಷಿಪಟ್ಟವರು ಅವರೇ. ಒಂದು ಭಾನುವಾರವಿಡೀ ನನ್ನ ತೊಡೆಯ ಮೇಲೆ ತಾಳ ಬಡಿದು ತೋರಿಸಿದರು. ನಾನು ಒಂದೊಂದೇ ಗುಂಡಿ ಒತ್ತಿ ಅದನ್ನೆಲ್ಲ ಮಷೀನಿಗೆ ತುಂಬಿಕೊಂಡೆ. ಮುಂದಿನ ವಾರ ಬಂಗಾರಪೇಟೆಯ ಮದುವೆಗೆ ಅವರನ್ನು ಕರೆಯಲಿಲ್ಲ. ಬರಬೇಡಿ ಎಂದು ಹೇಳುವ ಧೈರ್ಯವನ್ನೂ ಮಾಡಲಿಲ್ಲ.

ಅವರು ಎಂದಿನಂತೆ ಢೋಲಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಬಂದರು. ವೇದಿಕೆಯ ಮೇಲೆ ಆಗಲೇ ಮಷೀನ್ ಬಡಿಯುತ್ತಿತ್ತು. ಹಿಂದಿನ ಸಾಲಿನ ಕುರ್ಚಿಯಲ್ಲಿ ಢೋಲಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಚರಣ ಬಂತು. ಮಷೀನ್ ಕಾಯಲಿಲ್ಲ, ಹುಡುಗಿ ಉಸಿರು ಸಾಲದೆ ಅರ್ಧ ಸಾಲು ನುಂಗಿದಳು. ತಲೆಯೆತ್ತಿ ನೋಡಿದೆ. ಅವರ ಎಡಗೈ ಟವೆಲಿನ ಮೇಲೆಯೇ, ಅವಳು ಉಸಿರೆಳೆಯಬೇಕಿದ್ದ ಜಾಗಕ್ಕೆ ಸರಿಯಾಗಿ, ಊರಿಕೊಂಡಿತ್ತು.

ಎಲ್ಲ ಮುಗಿದ ಮೇಲೆ ಹತ್ತಿರ ಬಂದರು. ನಾನು ವೈರು ಸುತ್ತುವ ನೆಪದಲ್ಲಿ ತಲೆ ತಗ್ಗಿಸಿದೆ.

"ಮಿಷಿನ್ನು ಚೆನ್ನಾಗೈತೆ ಕಣ್ಲಾ. ಆ ಮಗೀಗೆ ಉಸ್ರು ತಕ್ಕಳಾಕೆ ಒಂಚೂರು ಜಾಗ ಬುಡು."

ಎಷ್ಟು ಬಿಡಬೇಕೆಂದು ಅವರನ್ನು ಕೇಳಲು ನನಗೆ ಮುಖವಿರಲಿಲ್ಲ.