ಮಗಳ ಮೊದಲ ಅಳು

ಶಿವಮೊಗ್ಗದ ನಮ್ಮ ಪ್ರಯೋಗಾಲಯದಿಂದ ಭದ್ರಾವತಿಯ ಹೆರಿಗೆ ಆಸ್ಪತ್ರೆಯೊಂದಕ್ಕೆ ನಾನು ಹೋಗಿಬರತೊಡಗಿದ್ದು ೧೯೯೮ರಲ್ಲಿ. ಮೊದಲು ೧೯೯೭ ಎಂದು ಬರೆದಿದ್ದೆ. ಆಗ ಮಗಳು ಒಂದನೇ ತರಗತಿಯಲ್ಲಿದ್ದಳು; ಆ ವರ್ಷದ ಅವಳ ಗುಂಪು ಫೋಟೊ ನೋಡಿ ತಿದ್ದಿದ್ದೇನೆ. ತಾಯಂದಿರ ಒಪ್ಪಿಗೆ ಪಡೆದು, ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಅದರಲ್ಲಿ ಉಳಿದ ರಕ್ತವನ್ನು ಟ್ಯೂಬಿಗೆ ತುಂಬಿಕೊಂಡು, ಐಸ್ ಹಾಕಿದ ಫ್ಲಾಸ್ಕಿನಲ್ಲಿಟ್ಟು ಬಸ್ಸಿನಲ್ಲಿ ತರುವುದು ನನ್ನ ಕೆಲಸವಾಗಿತ್ತು. ಹೆರಿಗೆಯ ಬಗೆಗೆ ತಕ್ಕಂತೆ ಆ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೇಗೆ ಏರುಪೇರಾಗುತ್ತದೆಂದು ನೋಡುತ್ತಿದ್ದೆವು. ತಾಯಿ ನೋವು ತಿಂದು ಹೆತ್ತ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಹೆಚ್ಚು. ನೋವು ಶುರುವಾಗುವ ಮುನ್ನವೇ ಸಿಸೇರಿಯನ್ ಆದರೆ ಕಡಿಮೆ.

ನನ್ನ ಮಗಳು ಎರಡನೆಯ ಗುಂಪಿನವಳು. ಹೊಟ್ಟೆಯಲ್ಲಿ ಅಡ್ಡಲಾಗಿದ್ದುದರಿಂದ ಆಪರೇಷನ್ ಅನಿವಾರ್ಯವಾಗಿತ್ತು. ಅದರ ದಿನವನ್ನೂ ಗಳಿಗೆಯನ್ನೂ ಮಾವನವರು ಪಂಚಾಂಗ ನೋಡಿ ಗೊತ್ತುಮಾಡಿದ್ದರು. ನನಗೆ ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾದಾಗ ಮಗು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ನಿದ್ದೆ ಮಾಡುತ್ತಿತ್ತು. ಅದರ ಮೊದಲ ಅಳು ನನಗೆ ಕೇಳಿಸಲೇ ಇಲ್ಲ.

ಭದ್ರಾವತಿಯಲ್ಲಿ ಪ್ರತಿ ಮಗು ಅತ್ತಾಗಲೂ ಟ್ಯೂಬ್ ಹಿಡಿದ ಕೈಯನ್ನು ಅಲುಗಿಸದೆ, ಕೇಳದೇ ಹೋದ ಆ ಒಂದು ದನಿಯನ್ನು ಹುಡುಕುತ್ತಿದ್ದೆ. ಕೊನೆಗೊಂದು ಸಂಜೆ ವಿದ್ಯಾನಗರದ ಮನೆಯಲ್ಲಿ ಮಾವನವರನ್ನೇ ಕೇಳಿದೆ.

"ಮಾವ, ನೀವು ಥಿಯೇಟರ್ ಬಾಗಿಲಲ್ಲೇ ಇದ್ರಲ್ಲ. ಇವಳು ಮೊದಲು ಅತ್ತಾಗ ಹೇಗಿತ್ತು?"

"ಅತ್ತ ಗಳಿಗೆ ಸರಿಯಾಗಿ ಬರ್ಕೊಂಡಿದೀನಲ್ಲ, ಜಾತಕದಲ್ಲೇ ಇದೆ."

"ಗಳಿಗೆ ಅಲ್ಲ ಮಾವ, ದನಿ."

ಅವರು ಕನ್ನಡಕ ತೆಗೆದರು. "ದನಿ ಎಲ್ಲಿ ಕೇಳ್ಲಿ ಮಾರಾಯ್ತಿ? ಕಣ್ಣು, ಜೀವ ಎಲ್ಲ ಗಡಿಯಾರದ ಮುಳ್ಳಿನ ಮೇಲಿತ್ತು. ಲಗ್ನ ತಪ್ಪಿಬಿಟ್ರೆ ಅಂತ."

ಆ ಜಾತಕವನ್ನು ಆಸ್ಪತ್ರೆಯ ದಾಖಲೆಯೊಂದಿಗೆ ಹೋಲಿಸಿ ನೋಡಿದ್ದೇನೆ. ವೇಳೆಯಲ್ಲಿ ತಪ್ಪಿಲ್ಲ.

ಕೆಲವು ದಿನಗಳ ಮೇಲೆ ಭದ್ರಾವತಿಯಲ್ಲಿ, ಕಾರ್ಖಾನೆ ಕೆಲಸಗಾರನೊಬ್ಬನ ಹೆಂಡತಿಗೆ ನನ್ನಂತೆಯೇ ಪೂರ್ತಿ ಅರಿವಳಿಕೆಯಲ್ಲಿ ಸಿಸೇರಿಯನ್ ಆಯಿತು. ರಕ್ತ ಫ್ಲಾಸ್ಕಿಗೆ ಸೇರಿದ ಮೇಲೂ ನಾನು ಹೊರಡಲಿಲ್ಲ. ಅವಳ ಮಂಚದ ಬಳಿ ಕುಳಿತೆ.

"ಏನ್ ಮೇಡಂ, ಬಸ್ಸು ಬೇಡ್ವಾ? ರಕ್ತ ಕೆಡುತ್ತೆ ಅಂತ ದಿನಾ ನಮ್ಮನ್ನ ಓಡಿಸೋರು ನೀವೇ!" ಎಂದು ಆಯಾ ಕಿಚಾಯಿಸಿದಳು.

"ಮುಂದಿನ ಬಸ್ಸಿಗೆ ಹೋಗ್ತೀನಿ. ಇನ್ನೊಂದಿಷ್ಟು ಐಸ್ ಕೊಡಮ್ಮ."

ಬಾಣಂತಿ ಕಣ್ಣು ಬಿಟ್ಟವಳೇ ಕೇಳಿದಳು: "ಮಗು ಅಳ್ತಾ ಮೇಡಂ?"

"ಅಳದೇ ಇರುತ್ತಾ! ಮೊದಲು ಎರಡು ಸಲ ಸೀನಿತು. ಆಮೇಲೆ ಎಣ್ಣೆ ಕಾಣದ ಬಾಗಿಲ ಥರ ಕಿರ್ ಅಂತು. ಡಾಕ್ಟ್ರು ಬೆನ್ನು ಉಜ್ಜಿದ್ರು ನೋಡಿ, ಆಸ್ಪತ್ರೆಗೆಲ್ಲ ಕೇಳೋ ಹಾಗೆ ಜಗಳಕ್ಕೇ ನಿಂತ್ಕೊಳ್ತು."

ಅವಳಿಗೆ ನಗು ಬಂತು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡಳು. "ಅವರಪ್ಪನ ಥರಾನೇ. ಇನ್ನೊಂದ್ಸಲ ಹೇಳಿ ಮೇಡಂ."

ಹೇಳಿದೆ, ಒಂದು ಸೀನನ್ನೂ ಬಿಡದೆ. ಆಮೇಲೆ ಬಸ್ಸಿನಲ್ಲಿ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಮಗಳೂ ಮೊದಲು ಸೀನಿದ್ದಳೇನೋ ಎಂದು ಊಹಿಸುತ್ತ ಶಿವಮೊಗ್ಗಕ್ಕೆ ಬಂದೆ.